ಖರ್ಚು ಹಿಡಿಯುವವನಿಗೆ ಒಂದು ಚಹಾ

ಹೋಟೆಲಿನ ಮಾಳಿಗೆಯಲ್ಲಿ ಸಾಫ್ಟ್‌ವೇರ್ ಆಫೀಸು ಇದ್ದರೆ ಏನೇನು ಆಗಬಾರದೋ ಅದೆಲ್ಲ ವಾರಕ್ಕೊಮ್ಮೆಯಾದರೂ ಆಗಿಯೇ ಆಗುತ್ತದೆ. ಜೋಗೇಶ್ವರಿ ಸ್ಟೇಷನ್ನಿನ ಹತ್ತಿರದ ಆ ಮಾಳಿಗೆಯಲ್ಲಿ ನಾವು ಇಬ್ಬರು, ಹೋಟೆಲುಗಳಿಗೆ ಆರ್ಡರ್ ಆ್ಯಪ್ ಮಾಡುವವರು. ನಾನು ಆಂಟಾಪ್ ಹಿಲ್‌ನವಳು, ಜೊತೆಗಾರ ವಿಜಯಪುರದ ಕಡೆಯವ. ಕೆಳಗೆ ಹೋಟೆಲು, ಮೇಲೆ ನಾವು, ಎರಡಕ್ಕೂ ಒಬ್ಬರೇ ಧಣಿ. ಉಡುಪಿಯಿಂದ ಬಂದು ತಟ್ಟೆ ತೊಳೆದು ಮೇಲೆ ಬಂದವರು. ಅವರನ್ನು ನೋಡಿ ಬೆರಗಾಗುವುದು ನನಗೆ ಇನ್ನೂ ನಿಂತಿಲ್ಲ.

೧. ಹಚ್ಚಿಟ್ಟ ಒಲೆ

ನಮ್ಮ ಆ್ಯಪ್ ಓಡುವುದು ಬಾಡಿಗೆಯ ಕ್ಲೌಡ್ ಕಂಪ್ಯೂಟರುಗಳಲ್ಲಿ. ಆ ತಿಂಗಳ ಬಿಲ್ಲು ಹಿಡಿದು ಧಣಿ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು.

"ಎಂತದಿದು? ನನ್ನ ಫ್ರಿಜ್ಜುಗಳೆಲ್ಲ ಸೇರಿ ಇಷ್ಟು ತಿನ್ನುದಿಲ್ಲ. ಎಲ್ಲುಂಟು ಈ ಕ್ಲೌಡು? ತೋರಿಸಿ."

"ಎಲ್ಲೋ ದೂರದಾಗ ಅದ ರೀ," ಅಂದ ಜೊತೆಗಾರ.

"ಕಾಣದ ಫ್ರಿಜ್ಜಿಗೆ ಕರೆಂಟ್ ಬಿಲ್ಲು ಕಟ್ಟುದು ನಾನು!"

ಸಮಾಧಾನ ಮಾಡಲು ಹೋಗಿ ನಾನು ಬಾಯಿಬಿಟ್ಟೆ. ಖರ್ಚಿನ ಮೇಲೆ ಕಣ್ಣಿಡುವ ಟೂಲ್ ಒಂದಿದೆ, ನಮ್ಮ ಕೋಡ್ ಇಟ್ಟಿರುವ ಅಕೌಂಟಿಗೆ ಅದನ್ನು ಜೋಡಿಸಿದರೆ ಯಾರ ಕೆಲಸದಿಂದ ಖರ್ಚು ಏರಿತು ಅಂತಲೂ ಹೇಳುತ್ತದೆ ಅಂದೆ.

ಧಣಿಯ ಕಣ್ಣು ಅರಳಿತು. "ಯಾರು ಒಲೆ ಹಚ್ಚಿಟ್ಟು ಮನೆಗೆ ಹೋದ್ರು ಅಂತ ಹೆಸರು ಹೇಳ್ತದಾ? ಅಬ್ಬಬ್ಬ! ಜೋಡಿಸು ಮಾರಾಯ್ತಿ. ಯಾರ ಹೆಸರು ಮೇಲೆ ಬರ್ತದೋ ಅವರು ಅವತ್ತೇ ಬ್ಯಾಗು ಹಿಡಿದು ಮನೆಗೆ."

ನನಗೆ ಈ ಕೆಲಸ ಸಿಕ್ಕಿತೆಂದು ಅಮ್ಮ ಇಡೀ ಬಿಲ್ಡಿಂಗಿಗೆ ಪೇಢೆ ಹಂಚಿ ತಿಂಗಳೂ ಆಗಿರಲಿಲ್ಲ. ಜೊತೆಗಾರ ಹಣೆ ಚಚ್ಚಿಕೊಂಡ. "ಓಣ್ಯಾಗ ಹೋಗೋ ಮಾರೀನ ಮನೀಗೆ ಕರದಂಗಾತಲ್ಲವಾ ನಿಂದು!"

೨. ಲೋಕಲ್‌ನಲ್ಲಿ ಓಟಿಪಿ

ಗ್ಯಾಸ್ ಕನೆಕ್ಷನ್ನಿನಿಂದ ಹಿಡಿದು ಗಲ್ಲಾಪೆಟ್ಟಿಗೆ ಪಕ್ಕದ ಫೋನಿನವರೆಗೆ ಎಲ್ಲವೂ ತನ್ನ ಹೆಸರಿನಲ್ಲೇ ಇರಬೇಕು ಎನ್ನುವುದು ಧಣಿಯ ಪದ್ಧತಿ. ಕೋಡ್ ಇಡುವ ಅಕೌಂಟೂ ಹಾಗೆಯೇ. ಇರುವುದು ಒಂದೇ, ಅವರ ಹೆಸರಿನದು, ನಾವಿಬ್ಬರೂ ದುಡಿಯುವುದು ಅದರಲ್ಲೇ. ಹಾಗಾಗಿ ಟೂಲ್ ಜೋಡಿಸಲು ಬೇಕಾದ ಓಟಿಪಿ ಹೋಗುವುದು ಅವರ ಫೋನಿಗೆ.

ನನ್ನೊಡನೆ ಫೋನಿನಲ್ಲಿ ಮಾತಾಡುತ್ತಲೇ ಧಣಿ ಕುರ್ಲಾದಲ್ಲಿ ತುಂಬಿ ತುಳುಕುವ ಲೋಕಲ್ ಟ್ರೇನು ಹತ್ತಿದರು. ಕಿವಿಯಲ್ಲಿ ಇಯರ್‌ಫೋನು, ಫೋನು ಅಂಗಿಯ ಜೇಬಿನಲ್ಲಿ.

"ಧಣಿ, ಓಟಿಪಿ ಬಂದಿದೆ, ನೋಡಿ."

"ಜೇಬು ಇಲ್ಲೇ ಉಂಟು. ಕೈ ಎಲ್ಲುಂಟು ಅಂತ ಗೊತ್ತಾಗುದಿಲ್ಲ ಮಾರಾಯ್ತಿ!"

ಅಷ್ಟರಲ್ಲಿ ಇನ್ನೊಂದು ದನಿ: "ಅಂಕಲ್, ಮೇರಾ ಹಾಥ್ ಫ್ರೀ ಹೈ." ಆ ಪುಣ್ಯಾತ್ಮ ಫೋನು ತೆಗೆದು ಓದುವಷ್ಟರಲ್ಲಿ ಟೈಮ್ ಮುಗಿದಿತ್ತು. ಇನ್ನೊಮ್ಮೆ ಕಳಿಸಿದೆ. ಈ ಸಲ ನಾಲ್ಕೈದು ಜನ ಒಟ್ಟಿಗೇ ಭಜನೆಯ ಹಾಗೆ ಓದಿದರು. "ಝಾಲಾ ಕಾ?" ಎಂದು ಯಾರೋ ಕೇಳಿದರು. "ಆಯ್ತು!" ಎಂದು ನಾನು ಕೂಗಿದ್ದನ್ನು ಧಣಿ ಎಲ್ಲರಿಗೂ ಹೇಳಿದರು. ಬೋಗಿಯ ತುಂಬ ಚಪ್ಪಾಳೆ. ಚಪ್ಪಾಳೆಗೆ ಅಷ್ಟೊಂದು ಕೈ ಎಲ್ಲಿಂದ ಬಂದವೋ, ನನಗಂತೂ ಇವತ್ತಿಗೂ ತಿಳಿದಿಲ್ಲ.

೩. ಹೊಸಬನ ಸತ್ಕಾರ

ಕೋಡ್ ಓದಲು ಈ ಟೂಲಿಗೆ ಅನುಮತಿ ಕೊಡುತ್ತೀರಾ ಎಂದು ಪರದೆಯಲ್ಲಿ ಬಂತು. ಬಟನ್ ಒತ್ತುವುದು ತಾನೇ ಎಂದು ಧಣಿ ಮಾಳಿಗೆಗೆ ಬಂದು ಕುರ್ಚಿ ಎಳೆದು ಕೂತರು.

"ಬರೀ ನೋಡ್ತದಾ, ಕೈ ಹಾಕ್ತದಾ?"

"ಬರೀ ನೋಡ್ತದೆ ಧಣಿ."

"ಎಷ್ಟು ಹೊತ್ತು?"

"ಹಗಲೂ ರಾತ್ರಿ."

"ಮತ್ತೆ ಅವನಿಗೆ ಚಹಾ ಬೇಡವಾ? ನಮ್ಮ ಅಡಿಗೆಮನೆಗೆ ಹೊಸಬರು ಯಾರು ಬಂದ್ರೂ ಹೊಟ್ಟೆಗೆ ಕೊಡದೆ ನಾನು ಕೆಲಸ ಹೇಳಿದ್ದಿಲ್ಲ."

ಅವನು ಮನುಷ್ಯನಲ್ಲ ಎಂದರೂ ಕೇಳಲಿಲ್ಲ. ಚಹಾ ಬಂತು, ಲ್ಯಾಪ್‌ಟಾಪಿನ ಮುಂದೆ ಕೂತಿತು. ಧಣಿ ಕೈಮುಗಿದು ಬಟನ್ ಒತ್ತಿದರು. ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. "ನೈವೇದ್ಯ ಆತು," ಎಂದು ಜೊತೆಗಾರ ಚಹಾ ಎತ್ತಿ ಕುಡಿದ. ಲೋಟ ಖಾಲಿಯಾಗುವುದಕ್ಕೂ ಕನೆಕ್ಟ್ ಆಗುವುದಕ್ಕೂ ಸರಿಹೋಯಿತು.

"ನೋಡಿದ್ಯಾ?" ಅಂದರು ಧಣಿ. "ಖಾಲಿ ಹೊಟ್ಟೆಯಲ್ಲಿ ಯಾರೂ ಕೆಲಸ ಮಾಡುದಿಲ್ಲ."

೪. ಮೇಲಿನ ಹೆಸರು

ಮರುದಿನ ವರದಿ ಬಂತು. ನಾನು ಟಿಫಿನ್ನು, ಛತ್ರಿ ಎಲ್ಲ ಬ್ಯಾಗಿಗೆ ತುಂಬಿ ತಯಾರಾಗಿಯೇ ಕೂತಿದ್ದೆ. ಜೊತೆಗಾರ ಮನೆದೇವರನ್ನು ನೆನೆಯುತ್ತಿದ್ದ. "ತೆರೆ," ಅಂದರು ಧಣಿ.

ತೆರೆದೆ. ಮೇಲಿನಿಂದ ಕೆಳಗಿನವರೆಗೆ ಒಂದೇ ಹೆಸರು. ಧಣಿಯದು! ಒಂದೇ ಅಕೌಂಟಿನಲ್ಲಿ ದುಡಿದ ನಮ್ಮಿಬ್ಬರ ಕೆಲಸವೆಲ್ಲ ಅವರ ಹೆಸರಿಗೇ ಬಿದ್ದಿತ್ತು. ಹೆದರಿಕೆಯಲ್ಲಿ ನಮಗಿಬ್ಬರಿಗೂ ಅದು ಹೊಳೆದಿರಲೇ ಇಲ್ಲ. ಹಚ್ಚಿಟ್ಟ ಒಲೆಯೂ ಸಿಕ್ಕಿತು. ಟೆಸ್ಟಿಂಗಿಗೆ ತೆರೆದು ಮರೆತಿದ್ದ ಒಂದು ಕ್ಲೌಡ್ ಕಂಪ್ಯೂಟರ್. ಜೊತೆಗಾರ ತಕ್ಷಣ ಬಂದ್ ಮಾಡಿದ.

ಧಣಿ ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು.

"ಇದೆಲ್ಲ ನಾನು ಬರೆದದ್ದಾ?"

"ಅಕೌಂಟ್ ಪ್ರಕಾರ ಹೌದು ಧಣಿ."

"ಎಲ್ಲ?"

"ಎಲ್ಲ."

ಅವರು ಹೆಂಡತಿಗೆ ವಿಡಿಯೋ ಕಾಲ್ ಹಚ್ಚಿದರು. "ನೋಡು ಮಾರಾಯ್ತಿ! ಏಳನೇ ಕ್ಲಾಸು ಫೇಲು ಅಂತ ನಿನ್ನ ಅಪ್ಪ ಹೆಣ್ಣು ಕೊಡ್ಲಿಕ್ಕೆ ಹಿಂದೆಮುಂದೆ ನೋಡಿದ್ರಲ್ಲ!"

ಜೊತೆಗಾರನ ಬಾಯಿ ಸುಮ್ಮನಿರಬೇಕಲ್ಲ. "ಧಣಿ, ಮೇಲಿನ ಹೆಸರಿನವರು ಬ್ಯಾಗ್ ಹಿಡಿದು ಮನೀಗೆ ಅಂದಿದ್ರಲ್ಲ ರೀ?"

ಧಣಿ ಕನ್ನಡಕ ತೆಗೆದರು. "ಹೌದಲ್ಲ. ಮಾತಂದ್ರೆ ಮಾತು," ಎಂದು ಪಕ್ಕದಲ್ಲಿದ್ದ ನನ್ನ ಬ್ಯಾಗನ್ನೇ ಹೆಗಲಿಗೇರಿಸಿಕೊಂಡು ಮೆಟ್ಟಿಲಿಳಿದು ಹೋಗಿಯೇಬಿಟ್ಟರು. ಕೆಲಸದ ದಿನ ಅವರು ಮಧ್ಯಾಹ್ನ ಮನೆಗೆ ಹೋದದ್ದನ್ನು ಹೋಟೆಲಿನಲ್ಲಿ ಯಾರೂ ನೋಡಿರಲಿಲ್ಲವಂತೆ.

ಸಂಜೆ ಫೋನ್ ಬಂತು.

"ನಿನ್ನ ಅಮ್ಮನ ಬಸಳೆ ಸಾಂಬಾರು ಭಾರೀ ಲಾಯ್ಕಿತ್ತು ಮಾರಾಯ್ತಿ. ಅಲ್ಲ, ಒಂದು ಕೇಳ್ಲಿಕ್ಕುಂಟು. ನಾಳೆಯಿಂದ ನನ್ನನ್ನು ವಾಪಸು ಕೆಲಸಕ್ಕೆ ತಕೊಳ್ತೀರಾ?"