ಎಂಜಿನ್ನಿನ ನಾಲ್ಕನೆಯ ಹೊಡೆತ

ಎಂಜಿನ್ ಎಂದರೆ ನನಗೆ ಹೆದರಿಕೆಯಿಲ್ಲ. ತಲೆ ಬೆಳ್ಳಗಾಗುವವರೆಗೆ ಕಾಲೇಜಿನಲ್ಲಿ ಉಷ್ಣಶಾಸ್ತ್ರ ಪಾಠ ಮಾಡಿದವಳು ನಾನು. ಎಂಜಿನ್ನಿನ ನಾಲ್ಕು ಹೊಡೆತಗಳನ್ನು, ಅಂದರೆ ನಾಲ್ಕು ಸ್ಟ್ರೋಕುಗಳನ್ನು, ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆ: ಒಳಗೆ ಎಳೆ, ಒತ್ತು, ಸಿಡಿ, ಹೊರಗೆ ದೂಡು. ನಾಲ್ಕನೆಯದನ್ನು ಮರೆತ ವಿದ್ಯಾರ್ಥಿಯನ್ನು ತರಗತಿಯಿಂದಲೇ ಹೊರಗೆ ದೂಡುತ್ತಿದ್ದೆ. ಪಾಠ ನೆನಪಿರಲಿ ಎಂದು!

ಆದ್ದರಿಂದ ನಮ್ಮ ಶೆಡ್ಡಿನ ಹಳೆಯ ಕೆಂಪು ಸ್ಪೋರ್ಟ್ಸ್ ಕಾರಿನ ಎಂಜಿನ್ ಕೊನೆಯುಸಿರು ಎಳೆದಾಗ ನಾನು ಎದೆಗುಂದಲಿಲ್ಲ. ಎದೆಗುಂದಿದವರು ನನ್ನ ಗಂಡ, ನಿವೃತ್ತ ಹೃದಯ ಶಸ್ತ್ರಚಿಕಿತ್ಸಕರು. ಆ ಕಾರಿಗೆ ಎರಡೇ ಸೀಟು. ನೆಲಕ್ಕೆ ಅಂಟಿಕೊಂಡೇ ಓಡುವಂಥದ್ದು. ಹತ್ತಬೇಕಾದರೆ ಮಲಗಬೇಕು, ಇಳಿಯಬೇಕಾದರೆ ಕೈ ಹಿಡಿದವಳೇ ಕೈ ಹಿಡಿದು ಎಳೆಯಬೇಕು. ಆದರೂ ಅದರ ಮೇಲೆ ಅವರಿಗಿದ್ದ ಪ್ರೀತಿಯಲ್ಲಿ ಕಾಲುಭಾಗ ನನ್ನ ಮೇಲಿದ್ದಿದ್ದರೆ ನಾನು ಉಬ್ಬಿ ಹೋಗುತ್ತಿದ್ದೆ.

ಮಗಳು ಪಶುವೈದ್ಯೆ. ಶೆಡ್ಡಿನ ಮೇಲೆ ಅವಳ ಕಣ್ಣು ಬಹಳ ದಿನದಿಂದ ಇತ್ತು.

"ಅಪ್ಪಾ, ಶೆಡ್ಡು ನನ್ನ ಕ್ಲಿನಿಕ್ಕಿಗೆ ಕೊಟ್ಟುಬಿಡಿ. ನಾಯಿ ಬೆಕ್ಕುಗಳಾದ್ರೂ ಬದುಕ್ಲಿ. ಇದು ಸತ್ತುಹೋಗಿದೆ."

ಅವರು ಬಾನೆಟ್ಟಿನ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿದರು. ಅದನ್ನು ನೋಡಿ ನನ್ನ ವಿದ್ಯೆ ಕೆರಳಿತು!

"ಸ್ವಲ್ಪ ತಡಿಯೇ! ಈ ಎಂಜಿನ್ನನ್ನ ನಾವೇ ಬಿಚ್ಚಿ ಕಟ್ತೀವಿ. ಮುಂದಿನ ತಿಂಗಳ ಕೊನೇ ಭಾನುವಾರ ಕಾರು ತಾನಾಗೇ ಗೇಟು ದಾಟದಿದ್ರೆ ಗುಜರಿಗೆ ಹಾಕ್ತೀನಿ. ಶೆಡ್ಡು ನಿಂದು!"

ಗಂಡ ಬೆಚ್ಚಿಬಿದ್ದರು. "ಪಂತ ನಿಂದು, ಕಾರು ನಂದಾ?"

"ಹೆದರಬೇಡಿ. ತತ್ತ್ವ ನಂದು, ಸ್ಪ್ಯಾನರ್ ನಿಮ್ಮದು."

ಎಂಜಿನ್ ಎತ್ತುವುದಕ್ಕೆ ಚೈನ್ ಪುಲ್ಲಿ ಕೊಟ್ಟವನು ಗುಜರಿ ಅಂಗಡಿಯವನೇ. "ವಾಪಸ್ ಕೊಡೋಕೆ ಅವಸರ ಮಾಡಬೇಡಿ ಅಮ್ಮಾವ್ರೇ. ಹೇಗೂ ಕಾರಿನ ಜೊತೇಲೇ ಬರುತ್ತಲ್ಲ!" ಎಂದ. ಅಪಶಕುನದ ಬಾಯಿ!

ಎಂಜಿನ್ ಮೇಲೆದ್ದ ಕೂಡಲೇ ಅದರ ಅಡಿಯಿಂದ ಒಂದು ಇಲಿ ಚಂಗನೆ ಹಾರಿತು. ನಾನು ಕಿರುಚಿ ಕೆಲಸದ ಮೇಜಿನ ಮೇಲೆ ಹತ್ತಿದೆ ಎಂದು ಮಗಳು ಈಗಲೂ ಹೇಳುತ್ತಾಳೆ. ಅಪ್ಪಟ ಸುಳ್ಳು. ಬಲ್ಬು ಸರಿಯಾಗಿದೆಯೇ ಎಂದು ನೋಡಲು ಹತ್ತಿದ್ದೆ.

ಆಮೇಲೆ ಎಂಜಿನ್ ಬಿಡಿಬಿಡಿಯಾಗಿ ಮನೆಯೊಳಗೆ ನುಗ್ಗಿತು. ಕಾರ್ಬುರೇಟರ್ ಅಡುಗೆಮನೆಯ ಸಿಂಕಿನಲ್ಲಿ ಸ್ನಾನಕ್ಕಿಳಿಯಿತು. ಪಿಸ್ಟನ್ನುಗಳು ಓವನ್ನಿನಲ್ಲಿ ಬಿಸಿಯಾದವು, ನಾವು ತಣ್ಣನೆಯ ಬ್ರೆಡ್ ತಿಂದೆವು. ವಾಲ್ವುಗಳು ಚಮಚದ ಡ್ರಾಯರಿನಲ್ಲಿ ಬಿಡಾರ ಹೂಡಿದ್ದವು. ಒಂದು ಬೆಳಿಗ್ಗೆ ನಾನು ಪೇಪರ್ ಓದುತ್ತಾ ವಾಲ್ವಿನಿಂದಲೇ ಕಾಫಿ ಕಲಕಿ ಕುಡಿದೆ. ಆ ದಿನವೆಲ್ಲ ನನ್ನ ಮಾತಿನ ವೇಗ ವಿಪರೀತವಾಗಿತ್ತು ಎಂದು ಗಂಡನ ದೂರು.

ಅವರಂತೂ ಹಸಿರು ಗೌನು, ಮಾಸ್ಕು, ಕೈಗವಸು ಧರಿಸಿಯೇ ಕೆಲಸಕ್ಕೆ ಕೂರುತ್ತಿದ್ದರು. ತಲೆ ಎತ್ತದೆ ಕೈ ಚಾಚಿ "ಸ್ಪ್ಯಾನರ್!" ಎನ್ನುವರು. ನಾನು ಅಂಗೈಗೆ ಟಪ್ಪೆಂದು ಬಡಿಯುವೆ. ತೆರೆದಿದ್ದ ಪ್ರತಿ ತೂತಿಗೂ ಬಿಳಿ ಬಟ್ಟೆಯ ಉಂಡೆ ತುರುಕುವರು. "ಒಂದು ನಟ್ಟು ಒಳಗೆ ಬಿತ್ತೋ, ರೋಗಿ ಹೋದ!" ತುರುಕುವಾಗ ಎಣಿಕೆ, ತೆಗೆಯುವಾಗ ಎಣಿಕೆ.

"ಎಷ್ಟು ಸಲ ಎಣಿಸ್ತೀರಿ? ಎಂಜಿನ್ನಿಗೇ ಬೇಜಾರಾಗುತ್ತೆ!"

"ನನ್ನ ಇಡೀ ಸರ್ವೀಸಿನಲ್ಲಿ ಒಳಗೆ ಒಂದು ಬಟ್ಟೆ ಬಿಟ್ಟು ಹೊಲಿದವನಲ್ಲ ನಾನು!"

"ಹಾಗಾದ್ರೆ ನನ್ನ ಕಾಲುಚೀಲ ಎಲ್ಲಿ?"

ನಾನೇ ಹೆಣೆದ ಬೂದು ಉಣ್ಣೆಯ ಕಾಲುಚೀಲಗಳಲ್ಲಿ ಒಂದು ಮಾಯವಾಗಿತ್ತು. ಎಣ್ಣೆ ಒರೆಸಲು ಇವರೇ ಎತ್ತಿದ್ದಾರೆ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ.

"ನನ್ನ ಬಟ್ಟೆ ಎಲ್ಲಾ ಬಿಳಿ ಕಣೇ. ಎಲ್ಲದಕ್ಕೂ ಲೆಕ್ಕ ಇದೆ. ನಿನ್ನ ಕಾಲುಚೀಲಕ್ಕೆ ನೀನೇ ಜವಾಬ್ದಾರಿ."

"ಕಳ್ಳ ಯಾವತ್ತಾದ್ರೂ ಕದ್ದೆ ಅಂತಾನಾ?"

ಅಂದಿನಿಂದ ನಾನು ಒಂದೇ ಕಾಲಿಗೆ ಕಾಲುಚೀಲ ಹಾಕಿಕೊಂಡು ಮನೆ ತುಂಬ ಓಡಾಡಿದೆ. ಅವರ ಮನಸ್ಸಿಗೆ ಚುಚ್ಚಲಿ ಎಂದು! ಅವರ ಮನಸ್ಸಿಗೆ ಏನೂ ಆಗಲಿಲ್ಲ. ನನ್ನ ಇನ್ನೊಂದು ಕಾಲಿಗೆ ಶೀತವಾಯಿತು.

ಕೊನೆಗೆ ಎಂಜಿನ್ ಮತ್ತೆ ಕಾರಿನೊಳಗೆ ಕೂತಿತು. ಭಾನುವಾರವೂ ಬಂತು. ಮಗಳು ಬಿಳಿ ಕೋಟು ತೊಟ್ಟು ಅಳತೆಪಟ್ಟಿ ಹಿಡಿದು ಬಂದಳು. ಗುಜರಿಯವನು ಲಾರಿಯ ಹಿಂದೆ ಕೊಕ್ಕೆ ತೂಗುಹಾಕಿಕೊಂಡು ಬಂದು ಗೇಟಿನಾಚೆಯೇ ನಿಲ್ಲಿಸಿದ. ಗಂಡ ಸೀಟಿನಲ್ಲಿ ಮಲಗಿ ಕೀಲಿ ತಿರುಗಿಸಿದರು.

ಗುರ್ರ್... ಗುರ್ರ್... ಢುಗು ಢುಗು ಢುಗು!

"ಬದುಕ್ತು!" ಎಂದು ನಾನು ಚಪ್ಪಾಳೆ ತಟ್ಟುವಷ್ಟರಲ್ಲಿ ಸತ್ತಿತು. ಮತ್ತೆ ತಿರುಗಿಸಿದರು. ಮತ್ತೆ ಕೆಮ್ಮು, ಮತ್ತೆ ಸಾವು!

ಗಂಡ ಇಳಿದು ಬಂದು ಸ್ಟೆತೊಸ್ಕೋಪ್ ತಂದರು. ಮಗಳಿಗೆ ಕೀಲಿ ತಿರುಗಿಸಲು ಹೇಳಿ, ಎಂಜಿನ್ನಿನ ಎದೆಗೆ ಇಟ್ಟು ಕಣ್ಣು ಮುಚ್ಚಿ ಕೇಳಿದರು.

"ಉಸಿರು ಕಟ್ಟಿದೆ. ಒಳಗೆ ಎಳ್ಕೊಳ್ತಾ ಇದೆ, ಹೊರಗೆ ಬಿಡೋಕಾಗ್ತಿಲ್ಲ."

"ಇದು ಎಂಜಿನ್ ರೀ, ರೋಗಿ ಅಲ್ಲ! ಟೈಮಿಂಗ್ ತಪ್ಪಿದೆ. ಬಿಚ್ಚಿ!"

ಬಿಚ್ಚಿ ನೋಡಿದರು. ಟೈಮಿಂಗ್ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಬ್ಯಾಟರಿ ಎಂದೆ, ಸರಿಯಿತ್ತು. ಪೆಟ್ರೋಲ್ ಎಂದೆ, ಘಮಘಮ ಬರುತ್ತಿತ್ತು. ನನ್ನ ಶಾಸ್ತ್ರವೆಲ್ಲ ಖಾಲಿಯಾಗಿ ಬಾಯಿ ಮಾತ್ರ ಉಳಿಯಿತು.

"ಹಾಗಾದ್ರೆ ನಿಮ್ಮ ಬಟ್ಟೆಯೇ ಒಳಗೆ ಉಳಿದಿದೆ!"

ಗಂಡನ ಮುಖದ ರಕ್ತ ಇಳಿಯಿತು. ಅವರು ಟ್ರೇ ತಂದು ಬಟ್ಟೆಗಳನ್ನು ಒಂದೊಂದಾಗಿ ಮೇಜಿನ ಮೇಲೆ ಹರಡಿದರು. ಒಂದೂ ಕಡಿಮೆ ಇರಲಿಲ್ಲ. ಆಮೇಲೆ ಕೈಗವಸು ಕಳಚಿ, ಗುಜರಿಯವನ ಕಡೆ ತಿರುಗಿ, ಮೆಲ್ಲಗೆ ಹೇಳಿದರು:

"ಕೊಕ್ಕೆ ಹಾಕಪ್ಪ."

ನನಗೆ ಸಿಡಿಲು ಬಡಿದ ಹಾಗಾಯಿತು. ವಾದದಲ್ಲಿ ನನ್ನೆದುರು ನೂರು ಸಲ ಸೋತವರು, ಎಂದೂ ಸೋಲೊಪ್ಪದವರು, ಇಂದು ಒಪ್ಪಿಬಿಟ್ಟರು!

"ಕೊಕ್ಕೆ ಮುಟ್ಟಿದ್ರೆ ನೋಡು!" ಎಂದು ಗುಜರಿಯವನನ್ನು ಗದರಿದೆ. "ರೀ, ಇನ್ನೊಂದೇ ಸಲ. ಆಕ್ಸಿಲರೇಟರ್ ಪೂರ್ತಿ ಒತ್ತಿ. ನಾನು ಹಿಂದೆ ನಿಂತು ಸದ್ದು ಕೇಳ್ತೀನಿ."

ಅವರು ಮನಸ್ಸಿಲ್ಲದ ಮನಸ್ಸಿನಿಂದ ಮಲಗಿದರು. ನಾನು ಸೈಲೆನ್ಸರ್ ಕೊಳವೆಯ ಹಿಂದೆ ಕಿವಿಗೆ ಕೈಯಿಟ್ಟು ಬಗ್ಗಿದೆ.

ಗುರ್ರ್... ಗುರ್ರ್... ಢಂ!!

ಫಿರಂಗಿ! ಕೊಳವೆಯಿಂದ ಕರ್ರಗಿನದೊಂದು ಚಿಮ್ಮಿ ನನ್ನ ಹೊಟ್ಟೆಗೆ ಬಡಿಯಿತು. ನಿಂತಲ್ಲಿಯೇ ಕುಸಿದು ಕೂತೆ. ಹೊಗೆಯಾಡುತ್ತಾ ಅದು ನನ್ನ ಮಡಿಲಿನಲ್ಲಿ ಬಿದ್ದಿತ್ತು.

"ಅಯ್ಯೋ, ಸತ್ತ ಇಲಿ!" ಎಂದಳು ಮಗಳು.

ಮುಂದಿನದು ನನಗೆ ಸರಿಯಾಗಿ ನೆನಪಿಲ್ಲ. ನೆನಪಾದಾಗ ನಾನು ಗುಜರಿ ಲಾರಿಯ ಮೇಲಿದ್ದೆ. ಬಲ್ಬು ನೋಡಲು ಹತ್ತಿದೆ ಎನ್ನೋಣವೆಂದರೆ ಅಲ್ಲಿ ಬಲ್ಬೂ ಇರಲಿಲ್ಲ.

ಮಗಳು ಅದನ್ನು ಇಕ್ಕಳದಿಂದ ಎತ್ತಿ ಎರಡೂ ಕಡೆ ತಿರುಗಿಸಿ ಪರೀಕ್ಷಿಸಿದಳು.

"ಇಲಿ ಅಲ್ಲಮ್ಮ. ಕಾಲುಚೀಲ."

ಎಲ್ಲರ ಕಣ್ಣೂ ನಿಧಾನವಾಗಿ ಲಾರಿಯ ಮೇಲಿದ್ದ ನನ್ನ ಕಾಲುಗಳಿಗೆ ಏರಿದವು. ಒಂದರಲ್ಲಿ ಬೂದು ಉಣ್ಣೆ. ಇನ್ನೊಂದು ಬರಿಗಾಲು.

ಆಗ ನೆನಪಾಯಿತು. ಇಲಿ ಹಾರಿದ ದಿನವೇ, ಯಾರೂ ಇಲ್ಲದ ಹೊತ್ತು ನೋಡಿ, ಒಗೆಯುವ ಬುಟ್ಟಿಯಿಂದ ಕೈಗೆ ಸಿಕ್ಕಿದ ಚಿಂದಿಯನ್ನು ಉಂಡೆ ಮಾಡಿ ಸೈಲೆನ್ಸರ್ ಕೊಳವೆಗೆ ಜಡಿದಿದ್ದೆ. ಇಲಿ ಆ ದಾರಿಯಿಂದ ಮತ್ತೆ ಬರದಿರಲೆಂದು! ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಉಷ್ಣಶಾಸ್ತ್ರದ ಪ್ರೊಫೆಸರಿಗೆ ಇಲಿಯ ಭಯ ಎಂದಾಗುತ್ತಿತ್ತಲ್ಲ! ಇಲಿ ಬಂತೆಂದು ಮನೆಗೆ ಬೆಂಕಿಯಿಟ್ಟವರನ್ನು ನೋಡಿ ನಕ್ಕವಳು ನಾನು. ಎಂಜಿನ್ ಒಳಗೆ ಎಳೆದಿತ್ತು, ಒತ್ತಿತ್ತು, ಸಿಡಿದಿತ್ತು. ಹೊರಗೆ ದೂಡುವ ಬಾಗಿಲಿಗೆ ಮಾತ್ರ ನಾನೇ ಬೀಗ ಹಾಕಿದ್ದೆ!

ಅಷ್ಟರಲ್ಲಿ ಎಂಜಿನ್ ಹುಲಿಯಂತೆ ಗರ್ಜಿಸುತ್ತಿತ್ತು. ಮಗಳು ಅಳತೆಪಟ್ಟಿ ಬಿಸಾಡಿ, ನನ್ನ ಸೀಟಿಗೇ ಹಾರಿ ಕೂತಳು. ಕಾರು ಶೆಡ್ಡಿನಿಂದ ಹೊರಬಿತ್ತು, ಗೇಟು ದಾಟಿತು, ಲಾರಿಯ ಪಕ್ಕ ನಿಂತಿತು. ಪಂತ ಗೆದ್ದವಳು ನಾನು. ಏನಾದರೂ ಹೇಳಲೇಬೇಕಿತ್ತು.

"ನಿಮ್ಮ ಮೇಲೆ ನನಗೆ ಪೂರ್ತಿ ನಂಬಿಕೆ ಇತ್ತು ರೀ! ಇಡೀ ಸರ್ವೀಸಿನಲ್ಲಿ ಒಂದು ಬಟ್ಟೆಯನ್ನೂ ಒಳಗೆ ಬಿಟ್ಟವರಲ್ಲ ನೀವು."

ಗಂಡ ಕನ್ನಡಕ ಸರಿಮಾಡಿಕೊಂಡು, ಗೇರು ಹಾಕಿ, ನನ್ನ ಬರಿಗಾಲನ್ನೊಮ್ಮೆ ನೋಡಿದರು.

"ಹೇಗೆ ಬಿಟ್ಟೇನು? ಆಪರೇಷನ್ ಥಿಯೇಟರಿನ ಒಳಗೆ ನಿನ್ನನ್ನ ಬಿಡ್ತಿರಲಿಲ್ವಲ್ಲ!"