ಮೌಸ್ ಮಾಡಿಸಿದ ಏಕಾದಶಿ

ಸೋಮಾರಿಗಳಷ್ಟು ಕಷ್ಟಪಟ್ಟು ದುಡಿಯುವವರು ಈ ಲೋಕದಲ್ಲಿ ಇಲ್ಲ. ಒಂದು ಗಂಟೆಯ ಕೆಲಸ ತಪ್ಪಿಸಿಕೊಳ್ಳಲು ಅವರು ಇಡೀ ದಿನ ಬೆವರು ಸುರಿಸುತ್ತಾರೆ. ನಾನೂ ಆ ಪಂಗಡದವನೇ ಎಂದು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ.

ಯಶವಂತನಗರದ ಗಣಿ ಕಚೇರಿಯೊಂದರಲ್ಲಿ ನಾನು ಗುಮಾಸ್ತ. ಹೊಸಪೇಟೆಯಿಂದ ಕಂಪನಿ ಬಸ್ಸಿನಲ್ಲಿ ಹೋಗುತ್ತೇನೆ, ಕೆಂಪು ಧೂಳು ಮೆತ್ತಿಕೊಂಡು ಬರುತ್ತೇನೆ. ನಡುವಿನ ಹೊತ್ತಿನಲ್ಲಿ, ಕಂಪ್ಯೂಟರಿಗೆ ಬಂದು ಬಿದ್ದ ಅದಿರು ಲಾರಿಗಳ ತೂಕದ ಚೀಟಿಗಳನ್ನು ಒಂದೊಂದಾಗಿ ತೆರೆದು, ಗುರುತು ಹಾಕಿ, ಸೇವ್ ಒತ್ತುತ್ತೇನೆ. ಕಳೆದ ತಿಂಗಳ ಒಂದು ಶುಕ್ರವಾರ ಅಂಥ ಮುನ್ನೂರು ಚೀಟಿ ಬಾಕಿ ಇದ್ದವು. ಮರುದಿನ ಕಂಪ್ಲಿಯಲ್ಲಿ ಹೆಂಡತಿಯ ತಮ್ಮನ ಗೃಹಪ್ರವೇಶ. "ಚೀಟಿ ಮುಗಿಸ್ರಿ, ರಜಾ ತಗೋರಿ" ಎಂದಿದ್ದರು ಮ್ಯಾನೇಜರು. "ಈ ಸಲನೂ ಬರಲಿಲ್ಲಂದ್ರ ನಾ ಕಂಪ್ಲಿಯಾಗ ಉಳಕೋತೀನಿ, ನೀವು ಲಾರಿ ಜೋಡಿ ಸಂಸಾರ ಮಾಡ್ರಿ" ಎಂದಿದ್ದಳು ಹೆಂಡತಿ.

ಆಗ ನೆನಪಾದದ್ದು ಮೌಸ್ ಮ್ಯಾಕ್ರೋ. ನಾವು ಒಂದು ಸಲ ಕ್ಲಿಕ್ ಮಾಡಿ ತೋರಿಸಿದರೆ ಸಾಕು, ಆಮೇಲೆ ಎಷ್ಟು ಸಲ ಬೇಕಾದರೂ ತಾನೇ ಮಾಡುವ ಪುಟ್ಟ ಪ್ರೋಗ್ರಾಮು. ಓಡಿಸಿದೆ. ಬಾಣದ ಗುರುತು ಗಂಭೀರವಾಗಿ ಹೋಗಿ ಸೇವ್ ಗುಂಡಿಯ ಮೇಲೆ ನಿಂತಿತು. ಏನೂ ಆಗಲಿಲ್ಲ. ಮಾವನ ಮನೆಗೆ ಬಂದ ಹೊಸ ಅಳಿಯನ ಹಾಗೆ ಎಲ್ಲ ಕಡೆ ಓಡಾಡುತ್ತದೆ, ಒಂದು ಕೆಲಸವನ್ನೂ ಮುಟ್ಟುವುದಿಲ್ಲ. ವೇಗ ಕಡಿಮೆ ಮಾಡಿದೆ, ಮತ್ತೆ ಹೇಳಿಕೊಟ್ಟೆ, ಬೈದೆ. ಎರಡು ಗಂಟೆ ಇಂಟರ್‌ನೆಟ್ಟಿನಲ್ಲಿ ತಡಕಾಡಿದ ಮೇಲೆ ಗೊತ್ತಾಯಿತು: ಚೀಟಿಯ ಪ್ರೋಗ್ರಾಮು ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ತೆರೆದಿತ್ತು, ನನ್ನ ಮ್ಯಾಕ್ರೋ ಬರೀ ಸಾಮಾನ್ಯ ಪ್ರಜೆ. ಕಂಪ್ಯೂಟರಿನೊಳಗೂ ಗುಮಾಸ್ತ ಬಡಿದರೆ ಸಾಹೇಬರ ಬಾಗಿಲು ತೆರೆಯುವುದಿಲ್ಲ. ಮ್ಯಾಕ್ರೋಗೂ ಅದೇ ಪದವಿ ದಯಪಾಲಿಸಿ, ಎಲ್ಲವನ್ನೂ ಹೊಸದಾಗಿ ತೆರೆದು, ಪರೀಕ್ಷೆಗೆ ಐದು ಸಲ ಎಂದು ಅಪ್ಪಣೆ ಕೊಟ್ಟು, ಜಂಬದಿಂದ ಚಹಾ ಕುಡಿಯಲು ಹೋದೆ.

ಆ ಕಂಪ್ಯೂಟರು ನನ್ನೊಬ್ಬನದೇ ಅಲ್ಲ. ಪಕ್ಕದ ಮೇಜಿನ ಶೇಷಗಿರಿ ಆಚಾರ್ರು ದಿನಾ ಅದರಲ್ಲೇ ಪಂಚಾಂಗ ನೋಡುತ್ತಾರೆ. ಯಾವಾಗಲೂ ಎಲ್ಲದರ ಮೇಲೆ ಕಾಣುವಂತೆ ಪರದೆಯ ಮೂಲೆಯಲ್ಲಿ ಇಟ್ಟಿರುತ್ತಾರೆ. ಏಕಾದಶಿ ಎಂದರೆ ತೊಟ್ಟು ನೀರೂ ಮುಟ್ಟದ ಮನುಷ್ಯ. ನಾನು ಮರಳಿ ಬಂದಾಗ ಪರದೆಯ ಮುಂದೆ ನಿಂತಿದ್ದರು.

"ಇವತ್ತು ಏಕಾದಶಿ ಅಂತ್ರಿ. ನಮ್ಮನಿಯಾಕಿ ಮರ್ತು ಡಬ್ಬಿ ಕಟ್ಯಾಳ. ಅನ್ನ ಚೆಲ್ಲಬಾರದು, ನೀವ ತಗೋರಿ" ಎಂದರು.

ಬದನೆಕಾಯಿ ಪಲ್ಯ, ಮೊಸರನ್ನ. ಆಗಲೇ ಊಟದ ಹೊತ್ತಾಗಿತ್ತು. ಬೆರಳು ಚೀಪಿ ಮುಗಿಸಿದೆ. ಆಮೇಲೆ ಕೂತು ನೋಡಿದರೆ ಒಂದು ಚೀಟಿಯೂ ಸೇವ್ ಆಗಿರಲಿಲ್ಲ. ನಾನು ಎಲ್ಲ ಹೊಸದಾಗಿ ತೆರೆಯುವಾಗ ಪಂಚಾಂಗ ಸರಿದು ಸೇವ್ ಗುಂಡಿಯ ಮೇಲೆಯೇ ಬಂದು ಕೂತಿತ್ತು. ಮ್ಯಾಕ್ರೋ ಐದೂ ಸಲ ನಿಷ್ಠೆಯಿಂದ ಒತ್ತಿದ್ದು ಪಂಚಾಂಗದ 'ಮುಂದಿನ ದಿನ' ಎಂಬ ಗುಂಡಿಯನ್ನು. ಆಚಾರ್ರು ಓದಿದ್ದು ಐದು ದಿನ ಮುಂದಿನ ತಿಥಿ. ಹೇಳಿಬಿಡಬೇಕಿತ್ತು. ಹೇಳಿದರೆ ಡಬ್ಬಿ ಕೇಳುತ್ತಾರೆ, ಡಬ್ಬಿಯಲ್ಲಿದ್ದದ್ದು ನನ್ನ ಹೊಟ್ಟೆ ಸೇರಿತ್ತು. ಬಾಯಿ ಮುಚ್ಚಿಕೊಂಡು ಪಂಚಾಂಗವನ್ನು ಮೂಲೆಗೆ ಸರಿಸಿದೆ.

ಮ್ಯಾಕ್ರೋದ ಸಹವಾಸವೇ ಸಾಕೆನಿಸಿ, ಅದನ್ನು ಅಳಿಸಿ ಕೈಯಿಂದಲೇ ಒತ್ತತೊಡಗಿದೆ. ನಾಲ್ಕು ಗಂಟೆಗೆ ಮಣಿಕಟ್ಟು ಸೋತಿತು. ಆಚಾರ್ರು ಒಣಗಿದ ತುಟಿ ಸವರಿಕೊಳ್ಳುತ್ತಾ ಎದ್ದು ಬಂದರು. "ಸರೀರಿ, ಉಪವಾಸದ ದಿನ ಒಬ್ಬರಿಗೆ ಉಪಕಾರ ಆಗ್ಲಿ" ಎಂದು ಕೂತು ನೂರು ಚೀಟಿ ಮುಗಿಸಿಕೊಟ್ಟರು. ರಜೆ ಸಿಕ್ಕಿತು, ಕಂಪ್ಲಿಗೆ ಹೋದೆ. ಎಲೆಯ ಮುಂದೆ ಭಾಳ ನಾಚಿಕೆಯಾಯಿತು. ಮೂರನೆಯ ಹೋಳಿಗೆಯ ಹೊತ್ತಿಗೆ ಕಡಿಮೆಯಾಯಿತು.

ಸೋಮವಾರ ಆಚಾರ್ರ ಮುಖ ಬಾಡಿತ್ತು. "ಅವತ್ತು ಏಕಾದಶಿನ ಅಲ್ಲಂತ್ರಿ. ಉಪವಾಸ ಇದ್ದೆ ಅಂದ್ರ ನಮ್ಮನಿಯಾಕಿ ಖಾಲಿ ಡಬ್ಬಿ ತೋರಿಸ್ತಾಳ. ಸುಳ್ಳು ಹೇಳ್ತೀರಿ ಅಂತ ಮೂರು ದಿನದಿಂದ ಮಾತು ಬಿಟ್ಟಾಳ. ನೀವರ ಹೇಳ್ರಿ" ಎಂದು ಫೋನು ಹಚ್ಚಿ ನನ್ನ ಕೈಗಿಟ್ಟರು.

ಇನ್ನು ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಮ್ಯಾಕ್ರೋ, ಪಂಚಾಂಗ, ಬದನೆಕಾಯಿ ಪಲ್ಯ, ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡದ್ದು, ಎಲ್ಲವನ್ನೂ ಹೇಳಿದೆ. ಅಷ್ಟೊಂದು ನಿಜವನ್ನು ಒಂದೇ ಉಸಿರಿಗೆ ನಾನು ಹಿಂದೆಂದೂ ಹೇಳಿದವನಲ್ಲ.

"ಅಣ್ಣಾರ," ಎಂದರು ಆ ತಾಯಿ, "ಮೌಸು ತಾನ ಓಡಾಡಿ ತಿಥಿ ಬದಲಿ ಮಾಡ್ತು ಅಂತೀರಿ? ದೋಸ್ತರ ಸಲುವಾಗಿ ಸುಳ್ಳು ಹೇಳೋದಾದ್ರ ನಂಬೋ ಹಂಗಾರ ಹೇಳ್ರಿ." ಫೋನು ಇಟ್ಟರು.

ಪಕ್ಕದಲ್ಲಿ ನಿಂತಿದ್ದ ಆಚಾರ್ರು ಮಾತ್ರ ಒಂದಕ್ಷರ ಬಿಡದೆ ನಂಬಿದ್ದರು.