ಬಟ್ಟೆ ಕಟ್ಟಿದ ಸೋರೆಕಾಯಿ

ಕಣ್ಣು ಬೀಳುವುದು, ದೃಷ್ಟಿ ತಾಗುವುದು ಇವೆಲ್ಲ ಬರೀ ಮೂಢನಂಬಿಕೆ ಎಂದು ಆಫೀಸಿನಲ್ಲಿ ಮೇಜು ಕುಟ್ಟಿ ವಾದಿಸುತ್ತಿದ್ದವನು ನಾನು. ಈಗ ಯಾರಾದರೂ ಆ ಮಾತೆತ್ತಿದರೆ ಕಾಫಿಯ ನೆವ ಹೇಳಿ ಎದ್ದು ಹೋಗುತ್ತೇನೆ. ಅದಕ್ಕೆ ಕಾರಣ ಒಂದು ಸೋರೆಕಾಯಿ.

ರಾಜಾಜಿನಗರದ ನಮ್ಮ ಮನೆಗೂ ಕಾಂಪೌಂಡ್ ಗೋಡೆಗೂ ನಡುವೆ ಒಂದು ಸಂದಿ. ಇಟ್ಟಿಗೆ ಚೂರು, ತೂತು ಬಕೆಟ್ಟು, ಮುರಿದ ತೊಟ್ಟಿಲು ಎಲ್ಲದರ ವಾಸ ಅಲ್ಲೇ. ಸಕ್ಕರೆಗೂ ಸೀಮೆಎಣ್ಣೆಗೂ ಕ್ಯೂ ನಿಂತು ಬೇಸತ್ತ ನಾನು, ತರಕಾರಿಯನ್ನಾದರೂ ಮನೆಯಲ್ಲೇ ಬೆಳೆಯೋಣವೆಂದು ಅದನ್ನೆಲ್ಲ ಎತ್ತಿಹಾಕಿ, ಗೊಬ್ಬರ ಸುರಿದು, ದಂಟು, ಮೆಂತ್ಯ, ಒಂದು ಸೋರೆಬಳ್ಳಿ ಹಾಕಿದೆ. ಸೊಪ್ಪು ಚೆನ್ನಾಗಿಯೇ ಬಂತು. ಬಳ್ಳಿ ಮಾತ್ರ ನಮ್ಮ ನೀರು ಕುಡಿದು, ಬಿಸಿಲು ಹುಡುಕಿಕೊಂಡು ಗೋಡೆ ಹತ್ತಿ, ಪಕ್ಕದ ಮನೆ ಗೌರಮ್ಮನವರ ಅಂಗಳದಲ್ಲಿ ಚೊಚ್ಚಲ ಕಾಯಿ ಬಿಟ್ಟಿತು. ದಿನಾ ಬೆಳಿಗ್ಗೆ ಸ್ಟೂಲು ಹತ್ತಿ, ಕಾಯಿ ಇದೆಯೋ ಇಲ್ಲವೋ ಎಂದು ಆಚೆ ಇಣುಕುವುದು ನನ್ನ ನಿತ್ಯಕರ್ಮವಾಯಿತು. ಒಂದು ದಿನ ನೋಡುತ್ತೇನೆ, ಕಾಯಿಗೆ ಬಟ್ಟೆ ಸುತ್ತಿದೆ!

"ನೋಡೇ, ನಮ್ಮ ಕಾಯಿ ನಮಗೇ ಕಾಣದ ಹಾಗೆ ಮುಚ್ಚಿಟ್ಟಿದಾರೆ. ನಾಳೆ ಕುಯ್ದು ತಿಂತಾರೆ" ಎಂದೆ ಹೆಂಡತಿಗೆ.

"ಹೋಗಿ ಕೇಳಬಾರ್ದಾ?" ಎಂದಳು. ನನ್ನ ಕಾಯಿಯನ್ನು ನಾನು ಕೇಳಿ ಪಡೆಯಬೇಕೇ?

ಮರುದಿನ ಬೆಳಕು ಹರಿಯುವಾಗ ಚಾಕು ಹಿಡಿದು ಸ್ಟೂಲು ಹತ್ತಿದೆ. ಕೈಗೆಟುಕಲಿಲ್ಲ. ಇನ್ನಷ್ಟು ಬಗ್ಗಿದೆ. ಸ್ಟೂಲು ಉರುಳಿತು. ಒಣಹಾಕಿದ ಪಂಚೆಯ ಹಾಗೆ ಗೋಡೆಯ ಮೇಲೆ ನೇತುಬಿದ್ದೆ. ಕೆಳಗೆ ಪಾತ್ರೆ ತೊಳೆಯುತ್ತಿದ್ದ ಗೌರಮ್ಮ ತಲೆಯೆತ್ತಿದರು. ಅವರು ಹಾವೇರಿ ಕಡೆಯವರು.

"ಚಲೋ ಆತು ಬಂದ್ರಿ, ಸಾಹೇಬ್ರ. ದಿನಾ ಮುಂಜಾನೆ ಯಾರೋ ಗ್ವಾಡಿ ಮ್ಯಾಲಿಂದ ಹಣಕಿ ನೋಡ್ತಾರ್ರೀ. ಚೊಚ್ಚಲ ಕಾಯಿ, ಕಣ್ಣು ಬಿದ್ದು ಉದರೀತು ಅಂತ ಅರಿವಿ ಕಟ್ಟಿದ್ದೆ. ಇವತ್ತ ಹರದು ನಿಮ್ಮನಿಗೆ ಕೊಡೂದಿತ್ತು."

ಅವರು 'ಯಾರೋ' ಎಂದ ದೊಡ್ಡತನಕ್ಕೆ ನನ್ನ ಕಿವಿಯೆಲ್ಲ ಬಿಸಿಯಾಯಿತು. ಇಂಥವರನ್ನು ಕಳ್ಳರೆಂದುಕೊಂಡೆನಲ್ಲ ಎಂದು ನಾಚಿಕೆಯಾಯಿತು. ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಎನ್ನಿಸಿತು; ಆದರೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ಗೌರಮ್ಮ ಕಿತ್ತುಕೊಟ್ಟ ಕಾಯಿಯಲ್ಲಿ ಅರ್ಧವನ್ನು ಹೆಂಡತಿ ಅವರಿಗೇ ಕೊಟ್ಟುಬಂದಳು. ಸಂಜೆ ಅದೇ ಪಲ್ಯವಾಗಿ, ಜೋಳದ ರೊಟ್ಟಿಯ ಜೊತೆ ವಾಪಸು ಬಂತು. ತುತ್ತು ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆಯುವ ಆಸೆ. ಆದರೆ ನಾಚಿಕೆಯ ಜೊತೆಗೇ ರೊಟ್ಟಿಗಳೂ ಇಳಿದವು.

ಈಚೆಗೆ ಬಳ್ಳಿ ನಮ್ಮ ಕಡೆಯೂ ಒಂದು ಪುಟ್ಟ ಕಾಯಿ ಬಿಟ್ಟಿದೆ. ಹೆಂಡತಿ ಅದಕ್ಕೆ ಹಳೇ ಸೀರೆಯ ತುಂಡು ಸುತ್ತುತ್ತಿದ್ದಳು.

"ಈ ಸಂದಿಯೊಳಗೆ ಯಾರ ಕಣ್ಣು ಬೀಳುತ್ತೇ?" ಎಂದೆ.

"ನೀವು ಮನೇಲೇ ಇರ್ತೀರಲ್ಲ" ಎಂದು ಗಂಟು ಬಿಗಿದಳು.